ಬಣ್ಣ ಯಾರ ಸೊತ್ತು?

ಮುಖಕ್ಕೆ ಬಣ್ಣ ಹಚ್ಚಿದವನು ಏನನ್ನೋ ಮುಚ್ಚಿಡುತ್ತಾನೆ, ತೊಳೆದವನು ನಿಜ ತೋರಿಸುತ್ತಾನೆ ಎಂಬುದು ನಮ್ಮ ಸಾಮಾನ್ಯ ನಂಬಿಕೆ. 'ಬಣ್ಣ ಬಯಲಾಯಿತು' ಎಂಬ ಮಾತಿನಲ್ಲೂ ಅದೇ ಭಾವವಿದೆ. ಆದರೆ ಈ ಲೆಕ್ಕ ಎಲ್ಲ ಕಡೆಯೂ ತಾಳೆಯಾಗುವುದಿಲ್ಲ. ಅಮೆರಿಕದ 'ಕಿಸ್' ಎಂಬ ರಾಕ್ ಸಂಗೀತ ತಂಡದ ಐವತ್ತು ವರ್ಷಗಳ ಕಥೆಯನ್ನೇ ನೋಡಿ.

1973ರಲ್ಲಿ ನ್ಯೂಯಾರ್ಕಿನಲ್ಲಿ ಈ ತಂಡ ಕೂಡಿತು. ಜೀನ್ ಸಿಮನ್ಸ್ ರಾಕ್ಷಸನಾದರೆ ಪಾಲ್ ಸ್ಟಾನ್ಲಿ ನಕ್ಷತ್ರ. ಏಸ್ ಫ್ರೇಲಿ ಆಕಾಶಯಾನಿ, ಪೀಟರ್ ಕ್ರಿಸ್ ಬೆಕ್ಕು. ಅಬ್ಬರದ ಗಿಟಾರು, ಬಾಯಿಯಿಂದ ಉಗುಳುವ ಬೆಂಕಿ. ಸಂಗೀತ ಮಾತ್ರ ಒಂದೇ ಕಡೆ ನಿಲ್ಲಲಿಲ್ಲ. 1976ರಲ್ಲಿ 'ಬೆತ್' ಎಂಬ ಮೆಲುದನಿಯ ಹಾಡು, 1979ರಲ್ಲಿ ಡಿಸ್ಕೋ ತಾಳ, 1982ರಲ್ಲಿ ಮತ್ತೆ ಮೆಟಲ್ಲಿನ ಭಾರವಾದ ನಾದ. 1983ರ ಸೆಪ್ಟೆಂಬರಿನಲ್ಲಿ ಎಂಟಿವಿಯ ಮುಂದೆ ಬಣ್ಣವಿಲ್ಲದ ಮುಖಗಳು ಕಾಣಿಸಿಕೊಂಡವು.

ಅದು ಸತ್ಯದರ್ಶನವೇ? ಆ ಹೊತ್ತಿಗೆ ತವರಿನಲ್ಲಿ ತಂಡದ ಜನಪ್ರಿಯತೆ ಇಳಿದಿತ್ತು. ಬಣ್ಣ ತೆಗೆದವರು ಆ ಕಾಲದ ಇತರ ತಂಡಗಳಂತೆ ಥಳಕಿನ ಉಡುಪು ತೊಟ್ಟರು. ಬರಿಮುಖವೂ ಒಂದು ವೇಷವೇ ಆಯಿತು. 1996ರಲ್ಲಿ ಮೂಲದ ನಾಲ್ವರು ಮತ್ತೆ ಬಣ್ಣ ಹಚ್ಚಿದಾಗ ಜನ ಕಿಕ್ಕಿರಿದು ಬಂದದ್ದು ಮೋಸಹೋಗಲು ಅಲ್ಲ, ಆ ವೇಷವನ್ನೇ ನೋಡಲು.

ತೊಡಕಿರುವುದು ಬೇರೆಡೆ. 1980ರಲ್ಲಿ ಕ್ರಿಸ್ ತಂಡ ಬಿಟ್ಟಾಗ ಅವನ ಜಾಗಕ್ಕೆ ಬಂದ ಎರಿಕ್ ಕಾರ್‌ಗೆ ನರಿಯ ಹೊಸ ಬಣ್ಣ ಬಂತು. 2000ದ ನಂತರ ಹಾಗಾಗಲಿಲ್ಲ. ಕ್ರಿಸ್ಸನ ಬೆಕ್ಕು ಎರಿಕ್ ಸಿಂಗರನ ಮುಖವೇರಿತು. ಫ್ರೇಲಿಯ ಬಣ್ಣ ಟಾಮಿ ಥೇಯರನ ಪಾಲಿಗೆ ಬಂತು. ಇದು ಸರಿಯೇ?

ನಮ್ಮ ತೆಯ್ಯಂನಲ್ಲಿ ಅಪ್ಪನ ನಂತರ ಮಗ ಅದೇ ಮುಖವರ್ಣಿಕೆಯಲ್ಲಿ ನಿಂತರೆ ಯಾರೂ ಆಕ್ಷೇಪಿಸುವುದಿಲ್ಲ. ಆ ಮುಖ ದೈವದ್ದು, ಅಪ್ಪನದ್ದಲ್ಲ. ನಮ್ಮ ಬ್ಯಾಂಕಿನ ಕೌಂಟರಿನ ಕುರ್ಚಿಯೂ ಹಾಗೆಯೇ. ಇಂದು ನಾನು, ನಾಳೆ ಇನ್ನೊಬ್ಬ. ಆದರೆ ಗಿರಾಕಿಯ ಮಾದರಿ ಸಹಿ ಹಾಗಲ್ಲ. ಅದನ್ನು ಮಗನೂ ಹಾಕುವಂತಿಲ್ಲ. ಒಬ್ಬ ತನ್ನ ಮುಖದ ಮೇಲೆ ತಾನೇ ಬರೆದುಕೊಂಡ ಬಣ್ಣ ಮೊದಲಿಗೆ ಸಹಿಯೇ. ಕಾಲಾಂತರದಲ್ಲಿ ಅದು ಕುರ್ಚಿಯೂ ಆಗಬಹುದು. ಅದಕ್ಕೆ ಎರಡು ಷರತ್ತುಗಳಿವೆ ಎಂದು ನನ್ನ ಭಾವನೆ: ಬರೆದವನ ಮನಃಪೂರ್ವಕ ಒಪ್ಪಿಗೆ ಇರಬೇಕು, ಒಳಗಿರುವವನು ಯಾರೆಂದು ನೋಡುವವನಿಗೆ ತಿಳಿದಿರಬೇಕು. ಕಾನೂನಿನ ಹಕ್ಕುಪತ್ರವೊಂದೇ ಸಾಲದು.

2023ರ ಡಿಸೆಂಬರ್ 2ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನಿನಲ್ಲಿ ಕೊನೆಯ ಪ್ರದರ್ಶನ ಮುಗಿದಾಗ ಪರದೆಯ ಮೇಲೆ ಕಂಪ್ಯೂಟರಿನಲ್ಲಿ ರಚಿಸಿದ ರೂಪಗಳು ಹಾಡಿದವು. ಅವನ್ನು 'ಅವತಾರ'ಗಳೆಂದೇ ಕರೆದರು. 2024ರಲ್ಲಿ ಹಾಡು, ಹೆಸರು, ರೂಪಗಳ ಹಕ್ಕನ್ನು ಸ್ವೀಡನಿನ ಪಾಪ್‌ಹೌಸ್ ಕಂಪೆನಿ ಕೊಂಡಿತು.

ಅವತಾರವೆಂದರೆ ಇಳಿದು ಬರುವುದು. ಯಾರಾದರೂ ಇಳಿದು ಬರಬೇಕು, ಬಂದು ಮೈಯ ನೋವು ಅನುಭವಿಸಬೇಕು. 1973ರ ವರ್ಷದ ಕೊನೆಯ ರಾತ್ರಿ ಬೆಂಕಿ ಉಗುಳುವಾಗ ಸಿಮನ್ಸನ ಕೂದಲಿಗೇ ಬೆಂಕಿ ಹತ್ತಿಕೊಂಡಿತ್ತು. ಒತ್ತೆಕೋಲದಲ್ಲಿ ಕೆಂಡದ ರಾಶಿಗೆ ಬೀಳುವುದೂ ಜೀವವಿರುವ ಮೈಯೇ. ಪರದೆಯ ರೂಪಕ್ಕೆ ಬಿಸಿ ತಾಗುವುದಿಲ್ಲ, ದಣಿವೂ ಇಲ್ಲ. ತಪ್ಪಿದರೆ ಉತ್ತರ ಕೊಡುವವನೂ ಅಲ್ಲಿಲ್ಲ.

ಒಳಗೆ ಹೊಣೆ ಹೊರುವ ಒಬ್ಬ ಮನುಷ್ಯ ಇರುವವರೆಗೆ ಯಾವ ವೇಷವನ್ನೂ ನಾನು ಸುಳ್ಳೆನ್ನಲಾರೆ. ಅವನಿಲ್ಲದ ಬಣ್ಣಕ್ಕೆ ಬೆಲೆ ಕಟ್ಟಬಹುದು. ಕೈಮುಗಿಯಲು ಮನಸ್ಸು ಬಾರದು.