ಅಚ್ಚು ಮುರಿಯುವ ಕಾರಣ: ರೇಸ್ ಪಥದ ಸಾವು ಮತ್ತು ಉಳಿದವರ ಋಣ

ತಾನಾಗಿ ಒಪ್ಪಿಕೊಂಡು ಅಪಾಯದೊಳಗೆ ಇಳಿದವನೊಬ್ಬ ಅದರಲ್ಲೇ ಪ್ರಾಣ ಬಿಟ್ಟರೆ ಉಳಿದವರು ಅವನನ್ನು ವೀರನೆಂದು ನೆನೆಯಬೇಕೋ, ದುಡುಕಿದವನೆಂದು ಮರುಗಬೇಕೋ ಅಥವಾ ವಿಧಿ ಕರೆದುಕೊಂಡು ಹೋಯಿತೆಂದು ಸುಮ್ಮನಾಗಬೇಕೋ ಎಂಬ ಪ್ರಶ್ನೆ ಧರ್ಮಚಿಂತನೆಯಲ್ಲಿ ಹಳೆಯದು. ಬೈಕು, ಕಾರುಗಳನ್ನು ನಿಯಮಬದ್ಧವಾದ ಪಥದಲ್ಲಿ ಪೈಪೋಟಿಗೆ ಓಡಿಸುವ ಮೋಟಾರು ಕ್ರೀಡೆಯಲ್ಲಿ ಈ ಪ್ರಶ್ನೆ ಹೆಚ್ಚು ಮೊನಚಾಗಿ ಎದುರಾಗುತ್ತದೆ, ಏಕೆಂದರೆ ಅಲ್ಲಿ ಅಪಾಯವು ಆಟಕ್ಕೆ ಹೊರಗಿನಿಂದ ಬಂದು ಸೇರಿದ್ದಲ್ಲ, ಆಟದ ಆಕರ್ಷಣೆಯ ಒಂದು ಭಾಗವೇ ಆಗಿದೆ.

ಕರ್ನಾಟಕದ ಮಟ್ಟಿಗೆ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದಂತೆ ಮಾಡಿದ್ದು 2023ರ ಆಗಸ್ಟ್ 5ರ ಘಟನೆ. ಬೆಂಗಳೂರಿನ ಬಾಲಕ ಸವಾರ ಕೊಪ್ಪರಂ ಶ್ರೇಯಸ್ ಹರೀಶ್, ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈನಲ್ಲಿರುವ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ನಲ್ಲಿ ರಾಷ್ಟ್ರೀಯ ಮೋಟಾರ್‌ಸೈಕಲ್ ರೇಸಿಂಗ್ ಚಾಂಪಿಯನ್‌ಷಿಪ್‌ನ ಮೂರನೆಯ ಸುತ್ತಿನ ರೂಕಿ ರೇಸಿನಲ್ಲಿ, ಅಂದರೆ ಹೊಸಬರ ವಿಭಾಗದ ಓಟದಲ್ಲಿ, ಮೊದಲ ತಿರುವು ದಾಟುತ್ತಿದ್ದಂತೆ ಬಿದ್ದು, ತಲೆಗೆ ತೀವ್ರ ಪೆಟ್ಟಾಗಿ ತೀರಿಕೊಂಡ. 2010ರ ಜುಲೈ 26ರಂದು ಹುಟ್ಟಿದ ಅವನಿಗೆ ಹದಿಮೂರು ತುಂಬಿ ಹತ್ತು ದಿನಗಳಾಗಿದ್ದವು. ಆ ಋತುವಿನಲ್ಲಿ ಸತತ ನಾಲ್ಕು ರೇಸುಗಳನ್ನು ಗೆದ್ದಿದ್ದ, ‘ಬೆಂಗಳೂರು ಕಿಡ್’ ಎಂದು ಅಭಿಮಾನಿಗಳಿಂದ ಕರೆಸಿಕೊಳ್ಳುತ್ತಿದ್ದ ಹುಡುಗ ಅವನು. ಅದೇ ವರ್ಷದ ಜನವರಿ 8ರಂದು, ಅದೇ ಪಥದಲ್ಲಿ, ಹಲವು ವರ್ಷ ರೇಸಿನಲ್ಲಿ ಪಳಗಿದ್ದ 59 ವರ್ಷದ ಕೆ.ಇ. ಕುಮಾರ್ ಅವರು ಸಲೂನ್ ಕಾರುಗಳ, ಅಂದರೆ ರಸ್ತೆಯ ಕಾರುಗಳನ್ನು ರೇಸಿಗೆ ಒಗ್ಗಿಸಿ ಓಡಿಸುವ ವಿಭಾಗದ ಓಟದಲ್ಲಿ ಡಿಕ್ಕಿಯಾಗಿ ಪ್ರಾಣ ಕಳೆದುಕೊಂಡಿದ್ದರು. ಒಂದೇ ಪಥ, ಒಂದೇ ವರ್ಷ. ಒಬ್ಬರು ಅಪಾಯವನ್ನು ದಶಕಗಳ ಕಾಲ ಅಳೆದು ತೂಗಿ ಒಪ್ಪಿಕೊಂಡವರು, ಇನ್ನೊಬ್ಬ ಒಪ್ಪಿಗೆ ಕೊಡುವ ವಯಸ್ಸನ್ನೇ ಮುಟ್ಟದವನು. ಇಬ್ಬರಿಗೂ ಒಂದೇ ಬಗೆಯ ಸ್ಮರಣೆ ಸಲ್ಲುವುದೇ?

ಈ ಪ್ರಶ್ನೆಗೆ ಕನ್ನಡನಾಡು ಕಲ್ಲಿನಲ್ಲಿಯೇ ಒಂದು ಉತ್ತರವನ್ನು ಬಿಟ್ಟುಹೋಗಿದೆ. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಸೀಮೆಯ ಊರ ಮುಂದಿನ ಬಯಲಿನಲ್ಲಿ, ಕೆರೆ ಏರಿಯ ಮೇಲೆ, ಗುಡಿಯ ಪ್ರಾಕಾರದಲ್ಲಿ ವೀರಗಲ್ಲುಗಳು ನಿಂತಿವೆ, ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟವು ಈ ತಾಲ್ಲೂಕುಗಳ ಶಾಸನಗಳನ್ನೂ ಒಳಗೊಂಡಿದೆ. ವೀರಗಲ್ಲೆಂದರೆ ಕಾದಾಡಿ ಮಡಿದವನ ನೆನಪಿಗೆ ನಿಲ್ಲಿಸಿದ ಕಲ್ಲು. ಸಾಮಾನ್ಯವಾಗಿ ಅದರಲ್ಲಿ ಮೂರು ಪಟ್ಟಿಕೆಗಳು, ಅಂದರೆ ಅಡ್ಡವಾಗಿ ಕಡೆದ ಚಿತ್ರದ ಅಂಕಣಗಳು ಇರುತ್ತವೆ. ಕೆಳಗಿನದರಲ್ಲಿ ಬಿಲ್ಲನ್ನೋ ಕತ್ತಿಯನ್ನೋ ಹಿಡಿದು ಕಾದುತ್ತಿರುವ ವೀರ, ಕೆಲವೊಮ್ಮೆ ಅವನ ಬೆನ್ನ ಹಿಂದೆ ಸಾಲುಗಟ್ಟಿದ ಹಸುಗಳು. ನಡುವಿನದರಲ್ಲಿ ಅವನನ್ನು ಇಕ್ಕೆಲದಲ್ಲಿ ಹಿಡಿದು ಮೇಲಕ್ಕೆ ಒಯ್ಯುವ ಅಪ್ಸರೆಯರು. ಮೇಲಿನದರಲ್ಲಿ ಶಿವಲಿಂಗದ ಮುಂದೆ ಕೈಮುಗಿದು ಕುಳಿತ ಅದೇ ವೀರ, ನೆತ್ತಿಯ ಮೇಲೆ ಸೂರ್ಯ ಚಂದ್ರರು. ತುರುಗೊಳ್ ಎಂಬ ದನಗಳ ಅಪಹರಣ, ಊರಳಿವು ಎಂಬ ಗ್ರಾಮನಾಶ, ಪೆಣ್ಬುಯ್ಯಲ್ ಎಂಬ ಹೆಂಗಸರ ಮಾನಭಂಗದ ಯತ್ನ, ಇಂಥ ಸಂದರ್ಭಗಳಲ್ಲಿ ಅಡ್ಡ ನಿಂತು ಸತ್ತವರಿಗೆ ಈ ಗೌರವ ಸಲ್ಲುತ್ತಿತ್ತು.

ಈ ಕಲ್ಲುಗಳು ಮಾಡುವ ತಾತ್ವಿಕ ಕೆಲಸ ಸೂಕ್ಷ್ಮವಾದದ್ದು. ಶಾಸ್ತ್ರಗಳು ಅಪಮೃತ್ಯುವೆಂದು, ಅಂದರೆ ಪೂರ್ಣಾಯುಸ್ಸು ತೀರುವ ಮೊದಲೇ ಆಘಾತದಿಂದ ಬಂದ ಕೆಟ್ಟ ಸಾವೆಂದು ಕರೆಯುವುದನ್ನು, ನಾರಾಯಣಬಲಿಯಂಥ ಶಾಂತಿಕರ್ಮಗಳಿಂದ ಸಮಾಧಾನಗೊಳಿಸಬೇಕೆಂದು ಹೇಳುವುದನ್ನು, ಶಿಲ್ಪಿಯು ಮೂರು ಅಂಕಣಗಳಲ್ಲಿ ಏಣಿ ಹತ್ತಿಸಿ ಸದ್ಗತಿಯಾಗಿ ಮಾರ್ಪಡಿಸುತ್ತಾನೆ. ಮೋಟಾರು ಕ್ರೀಡೆಯ ಸಂತಾಪದ ಮಾತುಗಳು ಮಾಡಲೆತ್ನಿಸುವುದೂ ಇದನ್ನೇ. ‘ಇಷ್ಟಪಟ್ಟ ಕೆಲಸ ಮಾಡುತ್ತಲೇ ಹೋದ ಪುಣ್ಯವಂತ’ ಎಂಬ ಸಮಾಧಾನದ ಮಾತು ಅಪ್ಸರೆಯರ ಪಟ್ಟಿಕೆಯ ಇಂದಿನ ರೂಪವೆಂದರೆ ತಪ್ಪಾಗದು. ಆದರೆ ಹೋಲಿಕೆ ಇಲ್ಲಿಯೇ ಎಡವುತ್ತದೆ, ಏಕೆಂದರೆ ರೇಸ್ ಸವಾರನು ಯಾರ ದನವನ್ನೂ ಬಿಡಿಸಿಕೊಂಡು ಬರಲಿಲ್ಲ, ಯಾವ ಊರನ್ನೂ ಕಾಯಲಿಲ್ಲ. ಅವನ ಸಾಹಸ ದೊಡ್ಡದಿರಬಹುದು, ಕೌಶಲ ಅಸಾಧಾರಣವಿರಬಹುದು. ಅವನ ಸಾವಿನಿಂದ ಉಳಿದುಕೊಂಡ ಇನ್ನೊಬ್ಬನಿಲ್ಲ.

ವೀರಗಲ್ಲಿನ ಮೇಲರ್ಧವನ್ನು ಮಾತ್ರ ನೋಡಿದರೆ ಚರ್ಚೆ ಇಲ್ಲಿಗೇ ಮುಗಿಯುತ್ತದೆ. ಆದರೆ ಕಲ್ಲಿನ ಮೇಲೆ ಚಿತ್ರದ ಜೊತೆಗೆ ಬರಹವೂ ಇರುತ್ತದೆ, ಆ ಬರಹ ಬಹಳಷ್ಟು ಸಲ ಸ್ವರ್ಗದ ಬಗ್ಗೆ ಮಾತನಾಡದೆ ಜಮೀನಿನ ಬಗ್ಗೆ ಮಾತನಾಡುತ್ತದೆ. ಬೆಂಗಳೂರಿನ ಬೇಗೂರಿನಲ್ಲಿ ದೊರೆತ, ಈಗ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಗಂಗರ ಕಾಲದ ಪ್ರಸಿದ್ಧ ವೀರಗಲ್ಲು, ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರನೆಂಬ ವೀರ ಮಡಿದ ಮೇಲೆ ಗಂಗ ಅರಸ ಎರೆಯಪ್ಪನು ಇರುಗ ಎಂಬವನಿಗೆ ಬೇಗೂರು ಸೀಮೆಯ ಹಳ್ಳಿಗಳನ್ನು ಕಲ್ನಾಡಾಗಿ ಕೊಟ್ಟದ್ದನ್ನು ದಾಖಲಿಸುತ್ತದೆ. ಕಲ್ನಾಡು ಎಂದರೆ ವೀರನ ಸ್ಮರಣೆಗೆ ಬಿಟ್ಟ ಭೂಮಿ; ಮಡಿದವನ ಮನೆಯವರಿಗೆ ಕೊಡುವ ಇಂಥ ದತ್ತಿಗೆ ನೆತ್ತರುಗೊಡಗೆ ಎಂಬ ಹೆಸರೂ ಇತ್ತು. ಎಂದರೆ ಯಾರ ಹಿತಕ್ಕಾಗಿ ಪ್ರಾಣ ಹೋಯಿತೋ ಅವನು ಋಣಿ, ಋಣವನ್ನು ಹೊಗಳಿಕೆಯಲ್ಲಿ ತೀರಿಸಲಾಗದು, ನೆಲದಲ್ಲಿ ತೀರಿಸಬೇಕು ಎಂಬ ಒಪ್ಪಂದವೇ ಆ ಕಲ್ಲಿನ ಅಡಿಪಾಯ.

ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಇದನ್ನು ಇನ್ನೂ ನಿಷ್ಠುರವಾಗಿ ಹೇಳುತ್ತದೆ. ಸುಮಾರು ಕ್ರಿ.ಶ. 949-50ರ ಆ ಶಾಸನದ ಪ್ರಕಾರ, ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನಿಂದ ಮಣಲೆರನೆಂಬ ವೀರನು ಮೆಚ್ಚುಗೆಯಾಗಿ ಪಡೆದುಕೊಂಡಿದ್ದ ಕಾಳಿ ಎಂಬ ನಾಯಿ ಕಾಡುಹಂದಿಯೊಡನೆ ಸೆಣಸಿ, ಅದನ್ನು ಕೊಂದು ತಾನೂ ಸತ್ತಿತು. ಮಣಲೆರನು ಅದಕ್ಕೆ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಯ ಹೊಣೆಯನ್ನು ಅಲ್ಲಿನ ಗೊರವನಿಗೆ, ಅಂದರೆ ಶೈವ ಅರ್ಚಕನಿಗೆ, ವಹಿಸಿದ. ನಾಯಿ ಅಪಾಯವನ್ನು ತಿಳಿದು ಒಪ್ಪಿಕೊಂಡಿತ್ತೇ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಕೇಳಬೇಕಾದ ಪ್ರಶ್ನೆಯೂ ಅದಾಗಿರಲಿಲ್ಲ. ಅದನ್ನು ಬೇಟೆಗೆ ಬಿಟ್ಟವನ ಮೇಲೆ ಋಣ ಬಿತ್ತು, ಅಷ್ಟೇ. ಸತ್ತವರ ಒಪ್ಪಿಗೆಯ ಮೇಲೆ ಸ್ಮರಣೆ ನಿಲ್ಲುವುದಿಲ್ಲ, ಬದುಕಿರುವವರ ಹೊಣೆಯ ಮೇಲೆ ನಿಲ್ಲುತ್ತದೆ ಎಂಬ ಈ ತತ್ತ್ವ 59ರ ಅನುಭವಿಗೂ 13ರ ಬಾಲಕನಿಗೂ ಸಮನಾಗಿ ಅನ್ವಯಿಸುತ್ತದೆ, ಬಾಲಕನ ವಿಷಯದಲ್ಲಿ ಅದರ ಭಾರ ಇಮ್ಮಡಿಯಾಗುತ್ತದೆ. ರೇಸಿನಿಂದ ಜಾಹೀರಾತು ಪಡೆಯುವ ತಯಾರಕ, ಪಂದ್ಯ ನಡೆಸುವ ಸಂಘಟಕ, ನೋಡಿ ಸಂತೋಷಪಡುವ ಪ್ರೇಕ್ಷಕ, ಇವರೆಲ್ಲ ಅಂದಿನ ಒಡೆಯನ ಸ್ಥಾನದಲ್ಲಿ ಇರುವವರು.

ಹಾಗಾದರೆ ಇಂದಿನ ನೆತ್ತರುಗೊಡಗೆ ಯಾವುದು? ಹಣದ ಪರಿಹಾರ ಬೇಕು, ಆದರೆ ಅದು ಸಾಲದು. ಇದಕ್ಕೆ ಉತ್ತರ ಹುಡುಕುವ ದಾರಿಯಲ್ಲಿ ಮೊದಲು ಎದುರಾಗುವ ಅಡ್ಡಿಯೆಂದರೆ ಹಣೆಬರಹದ ಮಾತು. ‘ಆಯುಸ್ಸು ಅಷ್ಟೇ ಇತ್ತು’ ಎಂಬುದು ಶೋಕದ ಮನೆಯಲ್ಲಿ ಕರುಣೆಯ ಮಾತು, ತನಿಖೆಯ ಕೋಣೆಯಲ್ಲಿ ಅದೇ ಮಾತು ನುಣುಚಿಕೊಳ್ಳುವ ಉಪಾಯ. ಭಾರತೀಯ ಚಿಂತನೆ ಒಟ್ಟಾರೆ ವಿಧಿವಾದಿಯೆಂದು ತಿಳಿದವರು ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯವನ್ನು ಗಮನಿಸಬೇಕು. ಜನಪದಗಳನ್ನೇ ನಾಶಮಾಡುವ ಪಿಡುಗುಗಳನ್ನು ಕುರಿತ ಆ ಅಧ್ಯಾಯದಲ್ಲಿ, ಆಯುಸ್ಸು ಮೊದಲೇ ನಿಗದಿಯಾಗಿದೆಯೇ ಎಂದು ಶಿಷ್ಯ ಅಗ್ನಿವೇಶ ಕೇಳುತ್ತಾನೆ. ಅದು ದೈವ, ಪುರುಷಕಾರ ಎರಡನ್ನೂ ಅವಲಂಬಿಸಿದೆ ಎಂಬುದು ಆತ್ರೇಯನ ಉತ್ತರ. ದೈವವೆಂದರೆ ಹಿಂದಿನ ಜನ್ಮದ ಕರ್ಮ, ಪುರುಷಕಾರವೆಂದರೆ ಈ ಜನ್ಮದಲ್ಲಿ ಮನುಷ್ಯ ಮಾಡುವ ಪ್ರಯತ್ನ. ಎಲ್ಲವೂ ನಿಗದಿಯಾಗಿದ್ದರೆ ಔಷಧವೂ ಬೇಕಿರಲಿಲ್ಲ, ಮದವೇರಿದ ಆನೆ ಎದುರು ಬಂದಾಗ ಯಾರೂ ಓಡಬೇಕಾಗಿಯೂ ಇರಲಿಲ್ಲ ಎಂಬ ಅರ್ಥದಲ್ಲಿ ಅವನು ವಾದ ಮುಂದುವರಿಸುತ್ತಾನೆ.

ಅಕಾಲ ಮರಣವೆಂದರೇನು ಎಂಬುದನ್ನು ತಿಳಿಸಲು ಆತ್ರೇಯನು ಕೊಡುವ ದೃಷ್ಟಾಂತ ಬಂಡಿಯ ಅಚ್ಚಿನದು, ಅಂದರೆ ಎರಡು ಗಾಲಿಗಳನ್ನು ಹೊರುವ ಅಡ್ಡದಂಡದ್ದು. ಒಳ್ಳೆಯ ಮರದಿಂದ ಮಾಡಿದ ಅಚ್ಚು ಸರಿಯಾಗಿ ಬಳಕೆಯಾದರೆ ಸವೆದು ಸವೆದು ತನ್ನ ಕಾಲಕ್ಕೆ ಮುಗಿಯುತ್ತದೆ, ಅದು ಕಾಲಮರಣ. ಅದೇ ಅಚ್ಚು ಅತಿಭಾರದಿಂದ, ಹಳ್ಳದಿಣ್ಣೆಯ ಹಾದಿಯಿಂದ, ಹಾದಿಯೇ ಅಲ್ಲದ ಕಡೆ ನುಗ್ಗಿದ್ದರಿಂದ, ಗಾಲಿ ಮುರಿದದ್ದರಿಂದ, ಎತ್ತಿನ ಅಥವಾ ಹೊಡೆಯುವವನ ತಪ್ಪಿನಿಂದ, ಕಡಾಣಿ ಕಳಚಿದ್ದರಿಂದ, ಕೀಲೆಣ್ಣೆ ಹಾಕದ್ದರಿಂದ, ಮಗುಚಿ ಬಿದ್ದದ್ದರಿಂದ ನಡುದಾರಿಯಲ್ಲಿ ಮುರಿಯುತ್ತದೆ, ಅದು ಅಕಾಲಮರಣ. ಎರಡು ಸಾವಿರ ವರ್ಷಗಳಷ್ಟು ಹಳೆಯದಾದ ಈ ಪಟ್ಟಿಯಲ್ಲಿ ವಾಹನ, ಪಥ, ಚಾಲಕ, ನಿರ್ವಹಣೆ ನಾಲ್ಕೂ ಬಂದುಬಿಟ್ಟಿವೆ, ಇಂದಿನ ಅಪಘಾತ ತನಿಖೆಯ ನಮೂನೆಯಲ್ಲಿ ಇದಕ್ಕಿಂತ ಬೇರೆ ಶೀರ್ಷಿಕೆಗಳು ಹೆಚ್ಚೇನೂ ಇರವು. ಮುರಿದ ಅಚ್ಚನ್ನು ಆತ್ರೇಯ ಹೊಗಳುವುದೂ ಇಲ್ಲ, ಹಳಿಯುವುದೂ ಇಲ್ಲ. ಯಾಕೆ ಮುರಿಯಿತೆಂದು ಕೇಳುತ್ತಾನೆ. ಕಾರಣವನ್ನು ಕೇಳುವ ಇದೇ ದೃಷ್ಟಿಯ ಕುರುಹು ಕನ್ನಡನಾಡಿನಲ್ಲೂ ಇದೆ. ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದ ಉತ್ಖನನದಲ್ಲಿ ಬೌದ್ಧರ ಹರಕೆಯ ಪುಟ್ಟ ಮಣ್ಣಿನ ಸ್ತೂಪಗಳು, ಬೌದ್ಧಸೂತ್ರವನ್ನು ಮುದ್ರೆಯೊತ್ತಿದ ಮಣ್ಣಿನ ಬಿಲ್ಲೆಗಳು ಸಿಕ್ಕಿದ್ದು, ಎಲ್ಲವೂ ಕಾರಣದಿಂದ ಹುಟ್ಟುತ್ತವೆ, ಆ ಕಾರಣವನ್ನೂ ಅದರ ನಿರೋಧವನ್ನೂ ತಿಳಿಯಬೇಕು ಎಂಬುದೇ ಆ ಸೂತ್ರದ ಸಾರ. ವೀರಗಲ್ಲಿನ ಸೀಮೆಯಲ್ಲೇ ಈ ಇನ್ನೊಂದು ದೃಷ್ಟಿಯೂ ನೆಲದಡಿ ಮಲಗಿತ್ತು.

ಜಗತ್ತಿನ ಮೋಟಾರು ಕ್ರೀಡೆ ತನ್ನ ಮೃತರನ್ನು ನೆನೆದ ಅತ್ಯುತ್ತಮ ಸಂದರ್ಭಗಳೆಲ್ಲ ಈ ಎರಡನೆಯ ದೃಷ್ಟಿಗೆ ಸೇರುತ್ತವೆ. ಫ್ರಾನ್ಸಿನ ಫಾರ್ಮುಲಾ ಒನ್ ಚಾಲಕ ಜೂಲ್ ಬಿಯಾಂಕಿ 2014ರ ಅಕ್ಟೋಬರ್‌ನಲ್ಲಿ ಜಪಾನಿನ ಸುಜುಕಾದಲ್ಲಿ ಗಾಯಗೊಂಡು 2015ರ ಜುಲೈ 17ರಂದು ತೀರಿಕೊಂಡಾಗ, ಅವನ 17ನೆಯ ಸಂಖ್ಯೆಯನ್ನು ಇನ್ನಾರಿಗೂ ಕೊಡದಿರಲು ಕ್ರೀಡಾಡಳಿತ ತೀರ್ಮಾನಿಸಿತು. ಅದು ಕಲ್ಲಿನ ಚಿತ್ರವಿದ್ದಂತೆ. ಚಾಲಕನ ತಲೆಯನ್ನು ರಕ್ಷಿಸಲು ಕುಳಿತುಕೊಳ್ಳುವ ಗೂಡಿನ ಸುತ್ತ ಅಳವಡಿಸುವ ಹೇಲೋ ಎಂಬ ಲೋಹದ ಕಮಾನನ್ನು, ಕೆಲವರು ಅಂದಗೆಡುತ್ತದೆಂದು ವಿರೋಧಿಸಿದರೂ, 2018ರಿಂದ ಕಡ್ಡಾಯ ಮಾಡಿದ್ದು ಋಣ ತೀರಿಸಿದಂತೆ. 2020ರ ನವೆಂಬರ್‌ನಲ್ಲಿ ಬಹ್ರೇನ್‌ನಲ್ಲಿ ತಡೆಗೋಡೆ ಸೀಳಿ ಉರಿಯುತ್ತಿದ್ದ ಕಾರಿನಿಂದ ರೊಮೇನ್ ಗ್ರೋಜಾನ್ ಎದ್ದು ಬಂದದ್ದು ಆ ಕಮಾನಿನ ದೆಸೆಯಿಂದ, ಹಿಂದೆ ಅದನ್ನು ವಿರೋಧಿಸಿದ್ದವರಲ್ಲಿ ಅವನೂ ಒಬ್ಬ. ಬೈಕ್ ರೇಸಿನಲ್ಲಿ 2021ರ ಒಂದೇ ವರ್ಷ ಜೇಸನ್ ಡುಪಾಸ್ಕಿಯೇ (19), ಹ್ಯೂಗೊ ಮಿಯಾನ್ (14), ಡೀನ್ ಬೆರ್ಟಾ ವಿನ್ಯಾಲೆಸ್ (15) ಬಿದ್ದು, ಹಿಂದಿನಿಂದ ಬಂದ ಬೈಕುಗಳು ತಗುಲಿ ತೀರಿಕೊಂಡ ಮೇಲೆ ಅಂತಾರಾಷ್ಟ್ರೀಯ ಒಕ್ಕೂಟವು ಸ್ಪರ್ಧಿಗಳ ಕನಿಷ್ಠ ವಯಸ್ಸನ್ನು ಏರಿಸಿತು, ಕಿರಿಯರ ರೇಸುಗಳಲ್ಲಿ ಒಟ್ಟಿಗೆ ಹೊರಡುವ ಸವಾರರ ಸಂಖ್ಯೆಯನ್ನು ತಗ್ಗಿಸಿತು. ವಿಶ್ವ ಚಾಂಪಿಯನ್‌ಷಿಪ್ಪಿನ ಕಿರಿಯ ದರ್ಜೆಗೂ 2023ರಿಂದ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಹದಿನೆಂಟು ವರ್ಷ ಬೇಕಾಯಿತು.

ಈ ಲೆಕ್ಕಾಚಾರದ ಆಚೆಗೆ ಇನ್ನೊಂದು ಬಗೆಯ ಸ್ಮರಣೆಯೂ ಇದೆ, ಅದನ್ನು ಕಾಣದೆ ಹೋದರೆ ಕ್ರೀಡೆಗೆ ಅನ್ಯಾಯವಾಗುತ್ತದೆ. 2020ರ ಜನವರಿ 12ರಂದು ಸೌದಿ ಅರೇಬಿಯಾದ ಮರುಭೂಮಿಯಲ್ಲಿ ನಡೆಯುತ್ತಿದ್ದ ಡಕಾರ್ ರ‍್ಯಾಲಿಯಲ್ಲಿ ಹೀರೊ ತಂಡದ ಪೋರ್ಚುಗಲ್ ಸವಾರ ಪಾವ್ಲೊ ಗೊನ್ಸಾಲ್ವಿಸ್ ಬಿದ್ದಾಗ, ಎದುರಾಳಿ ಟೋಬಿ ಪ್ರೈಸ್ ತನ್ನ ಓಟವನ್ನು ನಿಲ್ಲಿಸಿ ಅವನ ಪಕ್ಕದಲ್ಲೇ ಉಳಿದ. ಅದೇ ತಂಡದಲ್ಲಿದ್ದ ಬೆಂಗಳೂರಿನ ಸಿ.ಎಸ್. ಸಂತೋಷ್, 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯ, ಗೊನ್ಸಾಲ್ವಿಸ್ ತೀರಿಕೊಂಡ ಮರುವರ್ಷ ಮತ್ತೆ ಅದೇ ಮರುಭೂಮಿಗೆ ಹೋಗಿ ತಾವೂ ತೀವ್ರವಾಗಿ ಗಾಯಗೊಂಡು, ವೈದ್ಯರು ಔಷಧದಿಂದ ಪ್ರಜ್ಞಾಹೀನ ಸ್ಥಿತಿಯಲ್ಲಿ ಇರಿಸಿ ಉಳಿಸಿಕೊಂಡ ಮೇಲೆ ಚೇತರಿಸಿಕೊಂಡರು. ಸಂಗಾತಿಯ ಸಾವನ್ನು ಕಂಡೂ ಮತ್ತೆ ಹೊರಡುವುದನ್ನು ಮೋಹವೆನ್ನಬೇಕೋ ಸ್ವಧರ್ಮವೆನ್ನಬೇಕೋ ಎಂಬುದನ್ನು ಹೊರಗಿನವರು ತೀರ್ಮಾನಿಸುವುದು ಕಷ್ಟ. ಪ್ರಾಪ್ತ ವಯಸ್ಸಿನವರ ವಿಷಯದಲ್ಲಿ ತೀರ್ಮಾನಿಸುವ ಅಧಿಕಾರವೂ ಅವರಿಗಿಲ್ಲ.

ಮಕ್ಕಳ ವಿಷಯ ಹಾಗಲ್ಲ, ರಸ್ತೆಯ ವಿಷಯವೂ ಹಾಗಲ್ಲ. ಭಾನುವಾರ ಬೆಳಗಿನ ಜಾವ ದೇವನಹಳ್ಳಿಯ ಹೆದ್ದಾರಿಯಲ್ಲಿ ನಂದಿಬೆಟ್ಟದ ಕಡೆಗೆ ಬೈಕುಗಳು ಸಾಲಾಗಿ ಧಾವಿಸುತ್ತವೆ, ಹೊಸಕೋಟೆ, ನೆಲಮಂಗಲದ ರಸ್ತೆಗಳಲ್ಲಿ ಹುಡುಗರು ಮುಂದಿನ ಚಕ್ರವನ್ನು ಮೇಲಕ್ಕೆತ್ತಿ ವ್ಹೀಲಿ ಮಾಡುತ್ತಾರೆ. ಸತ್ತ ಸವಾರರ ಚಿತ್ರಗಳು ಇವರ ಮೊಬೈಲಿನಲ್ಲಿ ವೀರರ ಚಿತ್ರಗಳಾಗಿ ಸುತ್ತುತ್ತಿದ್ದರೆ ಅದು ಅಪ್ಸರೆಯರ ಪಟ್ಟಿಕೆಯನ್ನಷ್ಟೇ ಕತ್ತರಿಸಿ ಹಂಚಿದಂತೆ. ಪಥದಲ್ಲಿ ಹೆಲ್ಮೆಟ್ಟಿನ ಪರೀಕ್ಷೆಯಿದೆ, ವೈದ್ಯರಿದ್ದಾರೆ, ಎದುರಿನಿಂದ ಲಾರಿ ಬರುವುದಿಲ್ಲ. ಹೆದ್ದಾರಿಯಲ್ಲಿ ಆತ್ರೇಯನ ಪಟ್ಟಿಯ ಕಾರಣಗಳೆಲ್ಲ ಒಟ್ಟಿಗೆ ಕಾದಿರುತ್ತವೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 199ಎ ಕಲಮು ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ ವಿಧಿಸುತ್ತದೆ. ಹೊಣೆ ಬದುಕಿರುವವರದು ಎಂಬ ಆತಕೂರಿನ ನ್ಯಾಯವೇ ಇದು.

ಆದ್ದರಿಂದ ಶ್ರೇಯಸ್ ಹರೀಶನ ಹೆಸರಿನಲ್ಲಿ ಟ್ರೋಫಿ ಇಡಲು, ಫಲಕ ಹಾಕಲು, ವರ್ಷಕ್ಕೊಮ್ಮೆ ಮೌನ ಆಚರಿಸಲು ಬಯಸುವವರು ಅದರ ಜೊತೆಗೆ ಎರಡನ್ನು ಕೇಳಬೇಕು: ಪಥದಲ್ಲಾಗುವ ಪ್ರತಿಯೊಂದು ಸಾವಿನ ಕಾರಣವನ್ನೂ ತನಿಖೆ ಮಾಡಿದ ವರದಿ ಸಾರ್ವಜನಿಕರ ಕೈಗೆ ಸಿಗಬೇಕು, ಮಕ್ಕಳನ್ನು ರೇಸಿಗೆ ಸೇರಿಸಲು ಬರುವ ತಂದೆತಾಯಿ ಸಹಿ ಹಾಕುವ ಮೊದಲು ಆ ವರದಿಯನ್ನು ಅವರ ಭಾಷೆಯಲ್ಲೇ ಓದಿ ಹೇಳಬೇಕು.