ಆಡಿದವನಿಗೆ ಮಾತ್ರವೇ ನುಡಿಯುವ ಹಕ್ಕು?

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯನ್ನು ನಿಮ್ಮಲ್ಲಿ ಹಲವರು ಕಂಡಿರುತ್ತೀರಿ. ರೈತರು ತಂದ ಗೂಡುಗಳನ್ನು ಲಾಟುಗಳಾಗಿ ಹರವಿರುತ್ತಾರೆ. ರೀಲರುಗಳು ಒಂದೊಂದೇ ಲಾಟಿನ ಮುಂದೆ ನಿಂತು, ಹಿಡಿ ಗೂಡನ್ನು ಕೈಗೆತ್ತಿಕೊಂಡು, ಬೆರಳಿನಿಂದ ಒತ್ತಿ, ಕಿವಿಯ ಬಳಿ ಅಲುಗಿಸಿ, ಮುಖ ಸಿಂಡರಿಸಿ ಮುಂದಕ್ಕೆ ಹೋಗುತ್ತಾರೆ. ಗೂಡು ಬೆಳೆದವನು ಪಕ್ಕದಲ್ಲಿಯೇ ನಿಂತು ಆ ಮುಖವನ್ನೇ ನೋಡುತ್ತಿರುತ್ತಾನೆ.

ಕೆಲವು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದ ರೈತರೊಬ್ಬರ ಜೊತೆ ನಾನು ಅಲ್ಲಿಗೆ ಹೋಗಿದ್ದೆ. ಅವರ ಗೂಡನ್ನು ನೋಡಿದ ರೀಲರ್ ಒಬ್ಬರು "ಪದರ ತೆಳುವಾಗಿದೆ, ಎಳೆ ನಿಲ್ಲೋದಿಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟರು. ನಮ್ಮ ರೈತರಿಗೆ ಸಿಟ್ಟು ಬಂತು. "ನೋಡಿ ಫಾದರ್, ಇವರು ಒಂದು ದಿನವಾದರೂ ಹುಳ ಮೇಯಿಸಿದ್ದಾರಾ? ನಾಲ್ಕು ಜ್ವರ ದಾಟಿಸಿ, ರಾತ್ರಿಯೆಲ್ಲ ಎದ್ದು ಸೊಪ್ಪು ಹಾಕಿದವರು ನಾವು" ಎಂದರು. ರೀಲರ್ ಅದನ್ನು ಕೇಳಿಸಿಕೊಂಡು ಶಾಂತವಾಗಿಯೇ ಉತ್ತರಿಸಿದರು: "ಮೇಯಿಸೋದು ನಿಮ್ಮ ಕೆಲಸ ಅಣ್ಣಾ, ಬಿಚ್ಚೋದು ನನ್ನ ಕೆಲಸ. ಎಳೆ ಎಲ್ಲಿ ಕಿತ್ತುಹೋಗುತ್ತೆ ಅನ್ನೋದು ನನ್ನ ಬಿಸಿನೀರಿಗೆ ಗೊತ್ತು."

ಇಬ್ಬರಲ್ಲಿ ಯಾರು ಸರಿ? ತಾನು ಮಾಡದ ಕೆಲಸವನ್ನು ತೂಗಿ ನೋಡುವ ಹಕ್ಕು ಒಬ್ಬನಿಗೆ ಇದೆಯೇ? ಇದ್ದರೆ, ಅದನ್ನು ನಾಲ್ಕು ಜನರ ಮುಂದೆ ನುಡಿಯುವ ಹಕ್ಕು ಎಲ್ಲಿಂದ ಬರುತ್ತದೆ? ಇದೇ ಪ್ರಶ್ನೆ 2019ರಲ್ಲಿ ನಮ್ಮ ದೇಶದ ಕ್ರಿಕೆಟ್ ಅಂಗಳದಲ್ಲಿ ಬಹಳ ದೊಡ್ಡ ಸದ್ದಿನೊಡನೆ ಎದ್ದು ನಿಂತಿತು. ಅದರ ನಡುವೆ ಇದ್ದವರು ನಮ್ಮ ಕರ್ನಾಟಕದ ಮಂಗಳೂರಿನಲ್ಲಿ ಹುಟ್ಟಿದ ಸಂಜಯ್ ಮಾಂಜ್ರೇಕರ್.

1965ರ ಜುಲೈ 12ರಂದು ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದ ಮಾಂಜ್ರೇಕರರು, ಭಾರತದ ಪರವಾಗಿ 55 ಟೆಸ್ಟುಗಳನ್ನಾಡಿದ ವಿಜಯ್ ಮಾಂಜ್ರೇಕರರ ಮಗ. ಇವರು ಆಡಿದ್ದು 37 ಟೆಸ್ಟುಗಳು, 74 ಏಕದಿನ ಪಂದ್ಯಗಳು. 1989ರಲ್ಲಿ ಲಾಹೋರಿನಲ್ಲಿ ಪಾಕಿಸ್ತಾನದ ವಿರುದ್ಧ 218 ರನ್ ಗಳಿಸಿದ ಈ ಆಟಗಾರನ ಮೇಲೆ ದೇಶ ಇಟ್ಟಿದ್ದ ನಿರೀಕ್ಷೆ ಪೂರ್ಣವಾಗಿ ಈಡೇರಲಿಲ್ಲ. ನಿವೃತ್ತರಾದ ಮೇಲೆ ಅವರು ಟೆಲಿವಿಷನ್ ವೀಕ್ಷಕ ವಿವರಣೆಗಾರರಾದರು, ಅಂಕಣಗಳನ್ನು ಬರೆದರು. ಹೊಗಳಿಕೆಯೇ ಹೆಚ್ಚಾಗಿದ್ದ ಆ ಲೋಕದಲ್ಲಿ, ಎಷ್ಟೇ ದೊಡ್ಡ ಆಟಗಾರನಾದರೂ ತಪ್ಪಿದಲ್ಲಿ ತಪ್ಪೆಂದು ಹೇಳುವವರೆಂದು ಹೆಸರಾದರು. ತಮ್ಮ ಆತ್ಮಕಥೆಗೆ ಅವರು 'ಇಂಪರ್ಫೆಕ್ಟ್', ಅಂದರೆ ಅಪೂರ್ಣ, ಎಂದು ಹೆಸರಿಟ್ಟದ್ದನ್ನು ಗಮನಿಸಬೇಕು. ಇತರರ ಆಟದ ಕುಂದುಗಳನ್ನು ಎಣಿಸುವ ಮನುಷ್ಯ ತನ್ನ ಕುಂದನ್ನು ಹೊದಿಕೆಯ ಮೇಲೆಯೇ ಬರೆದುಕೊಂಡಿದ್ದರು.

2019ರ ವಿಶ್ವಕಪ್ ಸಮಯದಲ್ಲಿ ರವೀಂದ್ರ ಜಡೇಜ ಅವರ ಬಗ್ಗೆ ಕೇಳಿದಾಗ ಮಾಂಜ್ರೇಕರರು, ಏಕದಿನ ಪಂದ್ಯಗಳಲ್ಲಿ ಅಷ್ಟಿಷ್ಟು ಬ್ಯಾಟಿಂಗ್ ಅಷ್ಟಿಷ್ಟು ಬೌಲಿಂಗ್ ಮಾಡುವ ಚೂರುಪಾರು ಆಟಗಾರರು ತಮಗೆ ಅಷ್ಟಾಗಿ ರುಚಿಸುವುದಿಲ್ಲ, ಜಡೇಜ ಸದ್ಯಕ್ಕೆ ಅಂಥವರು ಎಂಬರ್ಥದ ಮಾತನ್ನಾಡಿದರು. ಜಡೇಜ ಟ್ವಿಟರಿನಲ್ಲಿ ಕಟುವಾಗಿ ಉತ್ತರಿಸಿದರು. ನೀವು ಆಡಿದ್ದರ ಎರಡರಷ್ಟು ಪಂದ್ಯಗಳನ್ನು ನಾನು ಆಡಿದ್ದೇನೆ, ಇನ್ನೂ ಆಡುತ್ತಿದ್ದೇನೆ, ಸಾಧಿಸಿದವರನ್ನು ಗೌರವಿಸಲು ಕಲಿಯಿರಿ ಎಂಬುದು ಅದರ ಸಾರ. ನಮ್ಮ ರೈತರು ಕೇಳಿದ್ದೂ ಇದನ್ನೇ ಅಲ್ಲವೇ: ನೀನು ಎಷ್ಟು ಹುಳ ಮೇಯಿಸಿದ್ದೀಯೆ?

ಕೆಲವೇ ದಿನಗಳಲ್ಲಿ ಮ್ಯಾಂಚೆಸ್ಟರಿನಲ್ಲಿ ನ್ಯೂಜಿಲೆಂಡ್ ವಿರುದ್ಧ ಸೆಮಿಫೈನಲ್ ಪಂದ್ಯ ನಡೆಯಿತು. 240 ರನ್ ಬೆನ್ನತ್ತಿದ ಭಾರತ 92 ರನ್ನಿಗೆ 6 ವಿಕೆಟ್ ಕಳೆದುಕೊಂಡಿತ್ತು. ಆಗ ಬಂದ ಜಡೇಜ 59 ಎಸೆತಗಳಲ್ಲಿ 77 ರನ್ ಗಳಿಸಿದರು. ಭಾರತ 18 ರನ್ನುಗಳಿಂದ ಸೋತಿತು. ಆದರೆ ಆ ದಿನ ಚೂರುಪಾರು ಎಂಬ ಮಾತು ನಿಲ್ಲಲಿಲ್ಲ. ಮಾಂಜ್ರೇಕರರು ತಮ್ಮ ಸೋಲನ್ನು ಮುಚ್ಚಿಡಲಿಲ್ಲ. ಜಡೇಜ ತಮ್ಮನ್ನು ಎಲ್ಲ ಬಗೆಯಲ್ಲೂ ಸುಳ್ಳಾಗಿಸಿದರೆಂದು ಬಹಿರಂಗವಾಗಿಯೇ ಒಪ್ಪಿಕೊಂಡರು. ಬಿಸಿನೀರಿಗೆ ಬಿದ್ದ ಗೂಡು ರೀಲರನ ಅಂದಾಜನ್ನು ಮೀರಿ ಉದ್ದವಾದ ಎಳೆ ಕೊಟ್ಟಿತ್ತು.

ಕಥೆ ಇಲ್ಲಿಗೆ ಮುಗಿದಿದ್ದರೆ ಅದೊಂದು ಸುಲಭವಾದ ನೀತಿಕಥೆಯಾಗುತ್ತಿತ್ತು. ಆದರೆ ಅದೇ ವರ್ಷದ ನವೆಂಬರಿನಲ್ಲಿ, ಕೋಲ್ಕತ್ತದಲ್ಲಿ ಭಾರತದ ನೆಲದ ಮೊದಲ ಹಗಲು-ರಾತ್ರಿ ಟೆಸ್ಟ್ ನಡೆಯುತ್ತಿದ್ದಾಗ, ಗುಲಾಬಿ ಚೆಂಡು ಆಟಗಾರರಿಗೆ ಸರಿಯಾಗಿ ಕಾಣುತ್ತಿದೆಯೇ ಎಂಬ ಚರ್ಚೆ ಬಂತು. ಆಟಗಾರರನ್ನೇ ಕೇಳಬೇಕು ಎಂದು ಸಹ ವಿವರಣೆಗಾರ ಹರ್ಷ ಭೋಗ್ಲೆ ಹೇಳಿದರು. ಭೋಗ್ಲೆ ಭಾರತದ ಪರವಾಗಿ ಆಡಿದವರಲ್ಲ. ಮಾಂಜ್ರೇಕರರು, ಕೇಳುವ ಅಗತ್ಯ ನಿಮಗಿದೆ, ಆಟವಾಡಿದ ನಮಗಿಲ್ಲ ಎಂಬರ್ಥದಲ್ಲಿ ಅವರ ಬಾಯಿ ಮುಚ್ಚಿಸಿದರು. ಜುಲೈನಲ್ಲಿ ಯಾವ ಈಟಿ ಅವರ ಎದೆಗೆ ನಾಟಿತ್ತೋ ಅದನ್ನೇ ನಾಲ್ಕು ತಿಂಗಳ ನಂತರ ಅವರು ಇನ್ನೊಬ್ಬರ ಎದೆಗೆ ಎಸೆದರು. ತಮ್ಮ ವರ್ತನೆ ವೃತ್ತಿಗೆ ತಕ್ಕುದಾಗಿರಲಿಲ್ಲ ಎಂದು ಮುಂದೆ ಅವರೇ ವಿಷಾದಿಸಿದರು.

ಓದುಗರೇ, ನನ್ನನ್ನು ಬಹಳ ಕಾಲ ಕಾಡಿದ್ದು ಈ ಎರಡನೆಯ ಘಟನೆ. ನೋವುಂಡವನು ಇನ್ನೊಬ್ಬರಿಗೆ ಅದೇ ನೋವನ್ನು ಕೊಡಲಾರ ಎಂದು ನಾವು ನಂಬುತ್ತೇವೆ. ಹಾಗಾಗುವುದಿಲ್ಲ. ನಮಗಿಂತ ಮೇಲಿನವನು "ನಿನಗೇನು ಗೊತ್ತು" ಎಂದಾಗ ಅನ್ಯಾಯವೆಂದು ಕಾಣುವ ಮಾತು, ನಮಗಿಂತ ಕೆಳಗೊಬ್ಬನು ಕಂಡಾಗ ನಮ್ಮ ಬಾಯಲ್ಲಿ ನ್ಯಾಯವಾಗಿ ಬಿಡುತ್ತದೆ. ಅತ್ತೆಯ ಮಾತಿಗೆ ಅತ್ತ ಸೊಸೆ ತಾನು ಅತ್ತೆಯಾದ ದಿನ ಏನು ಮಾಡುತ್ತಾಳೆಂಬುದನ್ನು ನಮ್ಮ ಮನೆಗಳೇ ಬಲ್ಲವು.

ಹಾಗಾದರೆ ಆಡದವನು ಸುಮ್ಮನಿರಬೇಕೇ? ಇಲ್ಲ. ಬೆಂಗಳೂರಿನಲ್ಲಿ ನೆಲೆಸಿರುವ ಇತಿಹಾಸಕಾರ, ಕ್ರಿಕೆಟ್ ಬರಹಗಾರ ರಾಮಚಂದ್ರ ಗುಹಾ ಅವರು ಭಾರತಕ್ಕೆ ಆಡಿದವರಲ್ಲ. ಕ್ರಿಕೆಟ್ ಮಂಡಳಿಯ ಆಡಳಿತ ನೋಡಿಕೊಳ್ಳಲು ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ನೇಮಿಸಿದ ಸಮಿತಿಯಲ್ಲಿ ಅವರೊಬ್ಬ ಸದಸ್ಯರಾಗಿದ್ದರು. ಜೂನ್ ತಿಂಗಳಲ್ಲಿ ರಾಜೀನಾಮೆ ಕೊಟ್ಟು ಬರೆದ ಪತ್ರದಲ್ಲಿ ಅವರು ತಾರಾ ಆಟಗಾರರ ಆರಾಧನೆಯನ್ನೂ ಎರಡು ದೋಣಿಗಳಲ್ಲಿ ಕಾಲಿಡುವ ಪದ್ಧತಿಯನ್ನೂ ಟೀಕಿಸಿದರು. ರಾಷ್ಟ್ರೀಯ ತರಬೇತುದಾರರಿಗೆ ವರ್ಷದಲ್ಲಿ ಹತ್ತು ತಿಂಗಳ ಒಪ್ಪಂದ ಕೊಟ್ಟು, ಉಳಿದ ಎರಡು ತಿಂಗಳು ಐಪಿಎಲ್ ತಂಡಗಳಿಗೆ ದುಡಿಯಲು ಬಿಡುವುದು ಸರಿಯಲ್ಲ ಎಂದರು. ಕಿರಿಯರ ತಂಡಕ್ಕೆ ತರಬೇತಿ ನೀಡುತ್ತಿದ್ದ, ಬೆಂಗಳೂರಿಗರೆಲ್ಲರ ಪ್ರೀತಿಯ ರಾಹುಲ್ ದ್ರಾವಿಡರಿಗೂ ಆ ಮಾತು ತಾಗುತ್ತಿತ್ತು. ಅದೇ ತಿಂಗಳ ಕೊನೆಗೆ ದ್ರಾವಿಡರು ಡೆಲ್ಲಿ ತಂಡದ ಹೊಣೆಯನ್ನು ಬಿಟ್ಟು, ಎರಡು ವರ್ಷಗಳ ಕಾಲ ಭಾರತದ ಕಿರಿಯರ ತಂಡಗಳಿಗೇ ಪೂರ್ಣವಾಗಿ ತಮ್ಮನ್ನು ಕೊಟ್ಟುಕೊಂಡರು. ಗುಹಾ ಎಷ್ಟು ರನ್ ಹೊಡೆದಿದ್ದಾರೆ ಎಂಬ ಪ್ರಶ್ನೆಗೆ ಇಲ್ಲಿ ಅರ್ಥವೇ ಇಲ್ಲ. ಅವರು ಎಳೆಯನ್ನು ನೋಡಿ ಮಾತನಾಡಿದ್ದರು.

ನಾನು ಗುರುಮಠದಲ್ಲಿ ಓದುತ್ತಿದ್ದಾಗ ಸಂತ ತೋಮಾಸ್ ಅಕ್ವಿನಾಸರು ಎತ್ತಿದ ಒಂದು ಪ್ರಶ್ನೆಯನ್ನು ನಮಗೆ ಪಾಠ ಮಾಡಿದ್ದರು. ತಾನೇ ತಪ್ಪಿತಸ್ಥನಾದವನು ಇನ್ನೊಬ್ಬನ ತಪ್ಪನ್ನು ತಿದ್ದಬಹುದೇ? ದೀನಭಾವದಿಂದ ತಿದ್ದುವುದಾದರೆ ತಿದ್ದಬಹುದು ಎಂಬುದು 13ನೆಯ ಶತಮಾನದ ಆ ಗುರುವಿನ ಉತ್ತರ. ತಿದ್ದುವುದನ್ನು ಅವರು ಪ್ರೀತಿಯ ಕಾರ್ಯವೆಂದೇ ಎಣಿಸಿದ್ದರು. ಪರನಿಂದೆಯನ್ನು ಬೇರೆಯಾಗಿ, ಪಾಪಗಳ ಸಾಲಿನಲ್ಲಿಟ್ಟಿದ್ದರು. ಎರಡೂ ಕೆಲಸಗಳಲ್ಲಿ ಆಡುವ ಮಾತು ಒಂದೇ ಇರಬಹುದು. ಮಾತಾಡಿದವನು ಯಾರ ಒಳಿತನ್ನು ಬಯಸಿ ಆಡಿದನು ಎಂಬುದರಲ್ಲಿ ಭೇದವಿದೆ.

ಈಗ ನನ್ನದೇ ಒಂದು ಮಾತನ್ನು ನಿಮಗೆ ಹೇಳಬೇಕು. ಚಿಂತಾಮಣಿಯ ಕಡೆಯ ಹಳ್ಳಿಯೊಂದರಲ್ಲಿ ನಾನು ಸೇವೆಯಲ್ಲಿದ್ದಾಗ, ಭಾನುವಾರದ ಪೂಜೆಗೆ ತಡವಾಗಿ ಬಂದು ಬಾಗಿಲ ಬಳಿ ನಿಲ್ಲುವವರ ಬಗ್ಗೆ ಪ್ರಬೋಧನೆಯಲ್ಲಿ ಕಟುವಾಗಿ ಮಾತನಾಡಿದೆ. ಹೆಸರು ಹೇಳಲಿಲ್ಲ, ಆದರೆ ಆ ದಿನ ಬಾಗಿಲಲ್ಲಿ ನಿಂತಿದ್ದವರು ಒಬ್ಬರೇ. ಎಲ್ಲರೂ ತಿರುಗಿ ನೋಡಿದರು. ಆ ಮನೆಯಲ್ಲಿ ಅಂದು ಹುಳ ಹಣ್ಣಾಗಿದ್ದವು, ಬೆಳಗಿನ ಜಾವದಿಂದ ಗಂಡ ಹೆಂಡತಿ ಇಬ್ಬರೂ ಅವನ್ನು ಆರಿಸಿ ಚಂದ್ರಿಕೆಗೆ ಬಿಡುತ್ತಿದ್ದರು ಎಂದು ನನಗೆ ಆಮೇಲೆ ತಿಳಿಯಿತು. ಹಣ್ಣಾದ ಹುಳ ಪೂಜೆ ಮುಗಿಯಲೆಂದು ಕಾಯುವುದಿಲ್ಲ. ಆ ಕೆಲಸದ ನಡುವೆಯೂ ಆ ಮನುಷ್ಯ ಕೈಕಾಲು ತೊಳೆದುಕೊಂಡು ಓಡಿ ಬಂದಿದ್ದರು.

ನಾನು ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. "ಇರಲಿ ಬಿಡಿ ಫಾದರ್" ಎಂದು ಕಾಫಿ ಕೊಟ್ಟರು. ಆದರೆ ಜರೆದದ್ದು ಊರಿನ ಮುಂದೆ, ಕ್ಷಮೆ ಕೇಳಿದ್ದು ಅಡುಗೆಮನೆಯ ಮುಂದೆ. ಮುಂದಿನ ಭಾನುವಾರ ಅದೇ ಪೀಠದಿಂದ ನನ್ನ ತಪ್ಪನ್ನು ಹೇಳಬೇಕೆಂದುಕೊಂಡೆ. ಗುರುವಿನ ಘನತೆಗೆ ಕುಂದು ಬಂದೀತು ಎಂದು ನನಗೆ ನಾನೇ ಹೇಳಿಕೊಂಡು ಸುಮ್ಮನಾದೆ. ಅದು ಘನತೆಯ ಮಾತಲ್ಲ, ಹೆದರಿಕೆಯ ಮಾತು. ನಾನು ಆ ಊರು ಬಿಡುವವರೆಗೂ ಅವರು ಬಾಗಿಲ ಬಳಿಯೇ ನಿಲ್ಲುತ್ತಿದ್ದರು, ಬೇಗ ಬಂದ ದಿನಗಳಲ್ಲಿಯೂ. ಲಕ್ಷಾಂತರ ಜನರ ಮುಂದೆ ತಾನು ತಪ್ಪಿದೆನೆಂದ ಆ ವಿವರಣೆಗಾರನನ್ನು ಕಂಡಾಗ ನನಗೆ ನೆನಪಾದದ್ದು ಆ ಬಾಗಿಲು.

ಪೀಠದ ಮೇಲೆ ನಿಂತವನಿಗೆ, ಮೈಕು ಹಿಡಿದವನಿಗೆ, ಅಂಕಣ ಬರೆಯುವವನಿಗೆ ಒಂದು ಅನುಕೂಲವಿದೆ: ಎದುರಿರುವವರು ಆ ಕ್ಷಣ ಉತ್ತರಿಸಲಾರರು. ಆ ಅನುಕೂಲವನ್ನು ನಾವು ಧೈರ್ಯವೆಂದು ತಪ್ಪು ತಿಳಿಯುತ್ತೇವೆ. ತನಗಿಂತ ಬಲವಂತನ ಮುಂದೆ ನುಡಿದಾಗ, ನುಡಿದದ್ದಕ್ಕೆ ತಾನೇ ಬೆಲೆ ತೆತ್ತಾಗ ಮಾತ್ರ ನೇರ ನುಡಿ ಧೈರ್ಯವಾಗುತ್ತದೆ. ನಮ್ಮ ಗೌರಿಬಿದನೂರಿನ ಹೊಸೂರಿನವರಾದ ಡಾ. ಎಚ್. ನರಸಿಂಹಯ್ಯನವರನ್ನು ನೆನೆಯಿರಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಅವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿ, ಅಪಾರ ಅನುಯಾಯಿಗಳಿದ್ದವರನ್ನೇ ಪ್ರಶ್ನಿಸಿದರು. ಅವರ ವಿಚಾರಗಳೊಡನೆ ನಮ್ಮಂಥವರಿಗೆ ಎಲ್ಲ ಕಡೆಯೂ ಸಹಮತವಿಲ್ಲ. ಆದರೆ ಇತರರನ್ನು ಕೇಳುವ ಪ್ರಶ್ನೆಯನ್ನು ತನಗೂ ಕೇಳಿಕೊಂಡು, ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಸರಳವಾಗಿ ಬಾಳಿದ ಆ ಮನುಷ್ಯನ ಮಾತಿಗೆ ತೂಕವಿತ್ತು.

ಮಾಂಜ್ರೇಕರರೂ ಬೆಲೆ ತೆತ್ತರು. 2020ರ ಮಾರ್ಚಿನಲ್ಲಿ ಕ್ರಿಕೆಟ್ ಮಂಡಳಿ ಅವರನ್ನು ತನ್ನ ವಿವರಣೆಗಾರರ ತಂಡದಿಂದ ಕೈಬಿಟ್ಟಿತು. ಈ ಕೆಲಸ ತನ್ನ ಪಾಲಿಗೆ ದೊರೆತ ಭಾಗ್ಯವೇ ಹೊರತು ಹಕ್ಕಲ್ಲ ಎಂದು ಅವರು ಅದನ್ನು ಸ್ವೀಕರಿಸಿದರು. ಉಂಡ ಮನೆಯ ಜಂತೆ ಎಣಿಸಬಾರದು ಎಂದು ನಮ್ಮ ಗಾದೆ ಹೇಳುತ್ತದೆ. ಕೃತಘ್ನತೆಯ ವಿರುದ್ಧ ಅದು ಒಳ್ಳೆಯ ಮಾತು. ಆದರೆ ಜಂತೆಗೆ ಗೆದ್ದಲು ಹಿಡಿದಿದ್ದರೆ ಅದನ್ನು ಉಂಡವನೇ ಹೇಳಬೇಕಲ್ಲವೇ? ಹೇಳಿದವನನ್ನು ಹೊರಗೆ ಕಳುಹಿಸಿದ ಮನೆಯಲ್ಲಿ ಊಟ ಮುಂದುವರಿಯಬಹುದು. ಮನೆ ಗಟ್ಟಿಯಾಯಿತೆಂದು ಮಾತ್ರ ಹೇಳಲಾಗದು. ಇದು ಕ್ರಿಕೆಟಿಗೆ ಎಷ್ಟು ನಿಜವೋ ಪಂಚಾಯಿತಿಗೆ, ಶಾಲೆಗೆ, ನಮ್ಮ ಧರ್ಮಕೇಂದ್ರಗಳಿಗೆ ಅಷ್ಟೇ ನಿಜ.

ಕೊನೆಗೊಂದು ದೃಶ್ಯ. 2022ರ ಆಗಸ್ಟ್ 28ರಂದು ದುಬೈನಲ್ಲಿ ಏಷ್ಯಾ ಕಪ್ ಪಂದ್ಯದಲ್ಲಿ ಭಾರತ ಪಾಕಿಸ್ತಾನವನ್ನು ಸೋಲಿಸಿತು. ಪಂದ್ಯದ ನಂತರ ಜಡೇಜರನ್ನು ಮಾತನಾಡಿಸಲು ಮೈಕು ಹಿಡಿದು ನಿಂತವರು ಅದೇ ಮಾಂಜ್ರೇಕರ್. ಅವರು ಮೊದಲು ಕೇಳಿದ್ದು ಆಟದ ಬಗ್ಗೆಯಲ್ಲ: ನನ್ನೊಡನೆ ಮಾತನಾಡಲು ನಿಮಗೆ ಒಪ್ಪಿಗೆಯೇ ಎಂದು. ಜಡೇಜ ನಕ್ಕರು, ಖಂಡಿತ, ತನ್ನದೇನೂ ಅಭ್ಯಂತರವಿಲ್ಲ ಎಂದರು. ಮೂರು ವರ್ಷಗಳ ಹಿಂದೆ ಕೇಳದೆ ನುಡಿದ ಬಾಯಿ ಅಂದು ಅಪ್ಪಣೆ ಕೇಳಿ ನುಡಿಯಿತು. ಅವರು ತಮ್ಮ ನೇರ ನುಡಿಯನ್ನು ಬಿಟ್ಟುಕೊಟ್ಟರೆಂದು ನನಗನ್ನಿಸುವುದಿಲ್ಲ. ಎದುರಿಗಿರುವವನು ಮನುಷ್ಯನೆಂಬುದನ್ನು ಅದರೊಳಗೆ ಸೇರಿಸಿಕೊಂಡರು, ಅಷ್ಟೇ.

ಅಂದು ಶಿಡ್ಲಘಟ್ಟದಲ್ಲಿ ಏನಾಯಿತೆಂದು ನಿಮಗೆ ಹೇಳಲಿಲ್ಲ. ಹರಾಜಿನಲ್ಲಿ ನಮ್ಮ ರೈತರ ಲಾಟನ್ನು ಕೊಂಡವರು ಆ ರೀಲರೇ, ಸ್ವಲ್ಪ ಕಡಿಮೆ ಬೆಲೆಗೆ. ಹೊರಡುವಾಗ ಅವರು ಸೊಪ್ಪಿನ ಬಗ್ಗೆ, ಮನೆಯ ಸೆಕೆಯ ಬಗ್ಗೆ ಎರಡು ಮಾತು ಹೇಳಿದರು. ಮುಂದಿನ ಬೆಳೆಯ ಹೊತ್ತಿಗೆ ನಮ್ಮ ರೈತರು ಹುಳದ ಮನೆಗೆ ಎರಡು ಕಿಟಕಿ ಇಡಿಸಿದ್ದರು.

ಪ್ರಿಯ ಓದುಗರೇ, ಇದ್ದದ್ದನ್ನು ಇದ್ದಂತೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೆ ತಿನ್ನಲು ಸಿದ್ಧರಿದ್ದರೆ ಹೇಳೋಣ. ಹೇಳುವ ಮೊದಲು ಅವರ ಹುಳದ ಮನೆಯ ಬಾಗಿಲಿಗೊಮ್ಮೆ ಹೋಗಿ ನೋಡೋಣ. ಹೇಳಿದ ಮೇಲೆ ತಪ್ಪಾಯಿತೆಂದು ತಿಳಿದರೆ, ಹೇಳಿದ ಜಾಗದಲ್ಲಿಯೇ, ಹೇಳಿದಷ್ಟೇ ಗಟ್ಟಿಯಾಗಿ ಹಿಂದಕ್ಕೆ ಪಡೆಯೋಣ. ಆ ಹಳ್ಳಿಯ ಬಾಗಿಲಲ್ಲಿ ನಿಲ್ಲುತ್ತಿದ್ದವರ ಮನೆಯಲ್ಲಿ ಯಾರಾದರೂ ಈ ಪುಟಗಳನ್ನು ಓದುತ್ತಿದ್ದರೆ, ಅಂದು ಪೀಠದಿಂದ ಆಡಬೇಕಾಗಿದ್ದ ಮಾತನ್ನು ಇಂದು ಇಲ್ಲಿ ಆಡುತ್ತಿದ್ದೇನೆ: ತಪ್ಪು ನನ್ನದು, ನಿಮ್ಮದಲ್ಲ.