ಬಾಣಂತಿ ಕೋಣೆಯ ದೇವಶಾಸ್ತ್ರ

ಮಗು ಹುಟ್ಟಿದ ಮನೆಗೆ ಬರುವ ಕ್ರೈಸ್ತ ನೆಂಟರ ಬಾಯಲ್ಲಿ ಒಂದು ಪಾಠ ಸಿದ್ಧವಾಗಿರುತ್ತದೆ. ಮಂಗಳೂರಾದರೂ ಅಷ್ಟೇ, ಬೀದರಾದರೂ ಅಷ್ಟೇ. ಕೂಸು ಅತ್ತರೆ, ನಾವೂ ದೇವರಿಗೆ ಹೀಗೇ ಮೊರೆಯಿಡಬೇಕು ಎನ್ನುತ್ತಾರೆ. ಹಾಲು ಕುಡಿದು ಮಲಗಿದರೆ, ವಿಶ್ವಾಸ ಅಂದರೆ ಇದೇ ನೋಡು ಎನ್ನುತ್ತಾರೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಈ ಪಾಠಗಳು ತೊಟ್ಟಿಲಲ್ಲಿ ಸಿಗುತ್ತವೆಯೋ, ಅಥವಾ ನಾವೇ ಮನೆಯಿಂದ ತಂದು ಅಲ್ಲಿಟ್ಟು ಸಿಕ್ಕಿತು ಎನ್ನುತ್ತೇವೆಯೋ?

ಸಂತ ಅಗಸ್ಟೀನ್ ಕೂಡ ಮೊಲೆಕೂಸನ್ನು ನೋಡಿದ್ದ. ಇನ್ನೂ ಮಾತು ಬಾರದ ಮಗುವೊಂದು, ಅದೇ ಎದೆಯಲ್ಲಿ ಹಾಲು ಕುಡಿಯುತ್ತಿದ್ದ ಇನ್ನೊಂದು ಮಗುವನ್ನು ಹೊಟ್ಟೆಕಿಚ್ಚಿನಿಂದ ದಿಟ್ಟಿಸಿದ್ದನ್ನು ತನ್ನ ಆತ್ಮನಿವೇದನೆಯ ಮೊದಲ ಭಾಗದಲ್ಲಿ ಬರೆದಿದ್ದಾನೆ. ಅವನಿಗೆ ಅಲ್ಲಿ ಕಂಡದ್ದು ಮನುಷ್ಯನ ಹುಟ್ಟುಪಾಪ. ನಮ್ಮ ಅತ್ತೆಯರಿಗೆ ಕಾಣುವುದು ನಿಷ್ಕಪಟ ನಂಬಿಕೆ. ಹಸಿದ ಕೂಸು ಒಂದೇ, ತೀರ್ಪು ಮಾತ್ರ ತದ್ವಿರುದ್ಧ. ಹಾಗಿದ್ದ ಮೇಲೆ ಮಗುವೇ ಪಾಠ ಹೇಳಿತು ಎಂದು ಅದರ ತಲೆಗೆ ಕಟ್ಟುವುದು ಸರಿಯಲ್ಲ.

ದಿನನಿತ್ಯದಲ್ಲಿ ದೇವರನ್ನು ಕಾಣಬಾರದು ಎಂದು ನಾನು ಹೇಳುತ್ತಿಲ್ಲ. ಯೇಸುವಿನ ಸಾಮ್ಯಗಳು ಬಂದದ್ದೇ ಹೊಲದಿಂದ, ಹಿಟ್ಟಿನ ಪಾತ್ರೆಯಿಂದ. ಆದರೆ ಲೂಕನ ಸುವಾರ್ತೆಯಲ್ಲಿ ಒಂದು ವಿಷಯ ಗಮನಿಸಿ. ಕಳೆದ ನಾಣ್ಯಕ್ಕಾಗಿ ದೀಪ ಹಚ್ಚಿ ಮನೆ ಗುಡಿಸುವ ಹೆಂಗಸಿನ ಕತೆಯನ್ನು ಆತ ಹೇಳಿದ್ದು ಗೊಣಗುತ್ತಿದ್ದ ಫರಿಸಾಯರಿಗೆ, ಶಾಸ್ತ್ರಿಗಳಿಗೆ. ಪೊರಕೆ ಹಿಡಿದವಳಿಗೆ ಅಲ್ಲ. ಅವಳ ಕೆಲಸದಿಂದ ಕಲಿಯಬೇಕಾದವರು ಬೇರೆಯವರು. ನಾವೋ, ಗುಡಿಸುತ್ತಿರುವವಳನ್ನೇ ನಿಲ್ಲಿಸಿ ಗುಡಿಸುವುದರ ಅರ್ಥ ವಿವರಿಸುತ್ತೇವೆ.

1522ರಲ್ಲಿ ಮಾರ್ಟಿನ್ ಲೂಥರ್ ವಿವಾಹ ಜೀವನದ ಬಗ್ಗೆ ಒಂದು ಪುಸ್ತಿಕೆ ಬರೆದ. ಮಗುವಿನ ಹೊಲಸು ಬಟ್ಟೆ ಒಗೆಯುವ ಅಪ್ಪನನ್ನು ನೋಡಿ ಜನ ಹೆಣ್ಣಿಗ ಎಂದು ನಗಬಹುದು, ಆದರೆ ದೇವರು ದೂತರೊಡನೆ ಅವನನ್ನು ಕಂಡು ಹಿಗ್ಗುತ್ತಾನೆ ಎಂಬುದು ಅವನ ವಾದ. (ಆಗ ಲೂಥರ್‌ಗೆ ಮದುವೆಯೇ ಆಗಿರಲಿಲ್ಲ, ಆದದ್ದು 1525ರಲ್ಲಿ. ಒಗೆಯುವ ಮೊದಲೇ ಬರೆದಿದ್ದ ಅನ್ನಿ.) ದೇವರು ಹಿಗ್ಗುವುದು ಆ ಅಪ್ಪನಿಗೆ ಬಟ್ಟೆಯಲ್ಲಿ ಏನೋ ಗೂಢಾರ್ಥ ಹೊಳೆಯಿತೆಂದಲ್ಲ, ನಂಬಿಕೆಯಿಂದ ಒಗೆದನೆಂದು. ಕೆಲಸಕ್ಕೆ ಬೆಲೆ ಬರಲು ಅದರಿಂದ ಸಂದೇಶವೊಂದನ್ನು ಹಿಂಡಬೇಕಾಗಿಲ್ಲ.

ಇನ್ನು ಹಾಲು ಕುಡಿದು ಮಲಗಿದ ಕೂಸು. 131ನೆಯ ಕೀರ್ತನೆ ಶಾಂತ ಮನಸ್ಸಿಗೆ ಹೋಲಿಕೆ ಕೊಡುವುದು ಅದನ್ನಲ್ಲ, ಮೊಲೆ ಬಿಡಿಸಿದ ಮಗುವನ್ನು. ಎದೆಗೆ ಬೇವು ಹಚ್ಚಿಕೊಂಡು ಮಗುವಿಗೆ ಮೊಲೆ ಬಿಡಿಸಿದ ತಾಯಂದಿರಿಗೆ ಆ ಶಾಂತಿಯ ಹಿಂದೆ ಎಷ್ಟು ರಂಪ, ಎಷ್ಟು ಅಳು ಇದೆಯೆಂದು ಗೊತ್ತು. ಹಾಲು ಸಿಗುವುದಿಲ್ಲ ಎಂದು ತಿಳಿದ ಮೇಲೂ ಬಂದು ಮಡಿಲಲ್ಲಿ ಕೂರುವುದು ಬೇರೆಯೇ ಬಗೆಯ ನಂಬಿಕೆ. ಆ ಕೀರ್ತನಕಾರನಿಗೆ ಮನೆ ಗೊತ್ತಿತ್ತು. ನಮ್ಮ ಪಾಠಗಳಲ್ಲಿ ಇಲ್ಲದ್ದು ಇಂಥ ಮನೆಯ ವಾಸನೆಯೇ.

ಯೆಶಾಯನ 49ನೆಯ ಅಧ್ಯಾಯವನ್ನಂತೂ ಅರ್ಧಕ್ಕೇ ನಿಲ್ಲಿಸುವ ರೂಢಿ. ತಾಯಿ ತನ್ನ ಕೂಸನ್ನು ಮರೆತಾಳೆಯೇ ಎಂಬ ಪ್ರಶ್ನೆಯವರೆಗೆ ಓದಿ, ಮರೆಯುವುದಿಲ್ಲ ಎಂದು ನಾವೇ ಉತ್ತರ ಕೊಟ್ಟುಕೊಳ್ಳುತ್ತೇವೆ. ಪ್ರವಾದಿ ಅಷ್ಟು ಸಲೀಸಾಗಿ ಹೇಳುವುದಿಲ್ಲ. ಮರೆತರೂ ಮರೆತಾಳು ಎಂದು ಒಪ್ಪಿಕೊಂಡು, ದೇವರು ಮಾತ್ರ ಮರೆಯನು ಎಂದು ಮುಂದುವರಿಯುತ್ತಾನೆ. ಈ ಉಳಿದರ್ಧವೇ ಬಾಣಂತಿಗೆ ಬೇಕಾದದ್ದು. ಹೆರಿಗೆಯಾದ ಕೆಲವೇ ದಿನಗಳಲ್ಲಿ ಈಸ್ಟ್ರೋಜೆನ್, ಪ್ರೊಜೆಸ್ಟರಾನ್ ಹಾರ್ಮೋನುಗಳು ಪಾತಾಳಕ್ಕೆ ಇಳಿಯುತ್ತವೆ. ಅದರ ಮೇಲೆ ನಿದ್ದೆಗೇಡು. ಕೆಲವರಿಗೆ ಅದು ಚಿಕಿತ್ಸೆ ಬೇಕಾದ ಖಿನ್ನತೆಯಾಗುತ್ತದೆ. ಕೂಸಿನ ಮುಖ ನೋಡಿದರೂ ಏನೂ ಅನ್ನಿಸದೆ ಕೂತವಳಿಗೆ, ನೀನು ದೇವರ ಪ್ರೀತಿಯ ಪ್ರತಿಬಿಂಬ ಎಂದು ಹೇಳುವುದು ಸಾಂತ್ವನವಲ್ಲ, ಶಿಕ್ಷೆ. ತಾಯಿ ಸೋಲಬಹುದು ಎಂದು ಸತ್ಯವೇದವೇ ಹೇಳಿರುವಾಗ, ಸೋಲದ ಹಾಗೆ ನಟಿಸುವ ಹೊರೆಯನ್ನು ಅವಳ ಮೇಲೆ ಹೊರಿಸಲು ನಾವು ಯಾರು?

ದಣಿದವರನ್ನು ದೇವರು ಹೇಗೆ ನಡೆಸಿಕೊಳ್ಳುತ್ತಾನೆ ಎಂಬುದಕ್ಕೆ ಎಲೀಯನ ಕತೆಗಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ. ಅಡವಿಯಲ್ಲಿ ಗಿಡದ ಕೆಳಗೆ ಕೂತು ಸಾವು ಬೇಡಿದ ಆ ಪ್ರವಾದಿಯ ಬಳಿಗೆ ಬಂದ ದೂತ ಬುದ್ಧಿ ಹೇಳಲಿಲ್ಲ, ವಿಶ್ವಾಸ ಎಲ್ಲಿ ಹೋಯಿತು ಎಂದು ಕೇಳಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ತಿಂದ, ಮತ್ತೆ ಮಲಗಿದ. ದೂತ ಎರಡನೆಯ ಸಲ ಎಬ್ಬಿಸಿದ್ದೂ ಊಟಕ್ಕೇ. ಹೋರೇಬ್ ಬೆಟ್ಟದಲ್ಲಿ ದೇವರ ಮೆಲುದನಿ ಬಂದದ್ದು ಆಮೇಲೆ, ಬಹಳ ಆಮೇಲೆ.

ಆದ್ದರಿಂದ ಸಭಾಪಾಲಕರಲ್ಲಿ, ಮಗು ನೋಡಲು ಹೋಗುವ ಅಕ್ಕಂದಿರಲ್ಲಿ ನನ್ನದೊಂದು ಕೋರಿಕೆ. ಸತ್ಯವೇದ ತೆರೆಯುವ ಮೊದಲು ಅವಳು ನಿದ್ದೆ ಮಾಡಿದ್ದಾಳೆಯೇ, ಊಟ ಮಾಡಿದ್ದಾಳೆಯೇ ಎಂದು ಕೇಳಿ. ಕೂಸನ್ನು ಒಂದು ತಾಸು ನೀವು ಎತ್ತಿಕೊಳ್ಳಿ, ಅವಳು ಮಲಗಲಿ. ಪ್ರಾರ್ಥನೆ ಬೇಕಾದರೆ ಎದ್ದ ಮೇಲೆ ಅವಳೇ ಕೇಳುತ್ತಾಳೆ.